ಮಣಿಕಟ್ಟಿನ ಪಟ್ಟಿ ನಡುಗಲಿಲ್ಲ

ಮನೆಯಿಂದ, ಹೊಲಿಗೆ ಕೋಣೆ
ಬುಧವಾರ, ಮಾರ್ಚ್ ೧೨

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಚಿಕ್ಕತ್ತೆಯ ಸೊಂಟ ಈಗ ಹೇಗಿದೆ? ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರೋ, ಇಲ್ಲ ನಿಮ್ಮನ್ನೇ ಕೋಲು ಮಾಡಿಕೊಂಡು ಓಡಾಡುತ್ತಿದ್ದಾರೋ? ತಂಗಿಯ ಆರೈಕೆಯ ಭರದಲ್ಲಿ ನಿಮ್ಮ ಕಣ್ಣಿನ ಔಷಧಿ ಮರೆಯಬೇಡಿ. ಇದನ್ನೆಲ್ಲ ಫೋನಿನಲ್ಲೇ ಬರೆಯಬಹುದಿತ್ತು. ಆದರೆ ಆ ಸಣ್ಣ ಅಕ್ಷರ ನಿಮಗೆ ಕಾಣುವುದಿಲ್ಲ, ಯಾರಾದರೂ ಓದಿ ಸನ್ನೆಯಲ್ಲಿ ಹೇಳಬೇಕು. ಇದು ನೀವೊಬ್ಬರೇ ಓದಬೇಕಾದ ವಿಷಯ. ಅಕ್ಷರ ದಪ್ಪಗೆ ಬರೆದಿದ್ದೇನೆ. ಸಾಲು ಸೊಟ್ಟಗಾದರೆ ಬೈಯಬೇಡಿ.

ನೀವು ಹೊರಟ ಮೇಲೆ ನಿಮ್ಮ ಮಗ ಮನೆಯನ್ನು ಸ್ಮಾರ್ಟ್ ಮಾಡಿಬಿಟ್ಟರು. ‘ಅಮ್ಮ ಇಲ್ಲ, ನಾನು ಬೆಳಗಾದ್ರೆ ಲಿಫ್ಟ್ ರಿಪೇರಿ ಅಂತ ಊರು ಸುತ್ತೋನು, ನಿನಗೆ ಕಿವಿ ಕೇಳಲ್ಲ, ಮಗು ಅತ್ರೆ ಗತಿ ಏನು?’ ಎಂದು ಕೈ ಬೀಸಿ ಬೀಸಿ ವಾದ ಮಾಡಿದರು. ಈಗ ಬಾಗಿಲು ಬಡಿದರೆ ಹಳದಿ ದೀಪ, ಒಲೆ ಆರಿಸದೆ ಬಿಟ್ಟರೆ ಕೆಂಪು ದೀಪ. ಅಂಚೆಯವನು ಬಂದರೂ ಸಾಕು, ಮನೆ ನಾಟಕದ ರಂಗದ ಹಾಗೆ ಮಿಣಮಿಣ ಅನ್ನುತ್ತದೆ. ಮಗುವಿನ ಮಂಚದ ಪಕ್ಕದಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದಾರೆ. ಅಳು ಕೇಳಿದ ಕೂಡಲೇ ಅದು ನನ್ನ ಮಣಿಕಟ್ಟಿನ ಪಟ್ಟಿಯನ್ನು ನಡುಗಿಸುತ್ತದೆ. ಮಗು ಸುಮ್ಮನಿದ್ದರೆ ಫೋನಿನಲ್ಲಿ ಹಸಿರು ಗೆರೆ, ಅತ್ತರೆ ಕೆಂಪು. ಆ ಗೆರೆ ನಿಮ್ಮ ಮಗನ ಫೋನಿಗೂ ಹೋಗುತ್ತದೆ, ದೂರದಲ್ಲಿರುವ ನಿಮ್ಮ ಮಗಳ ಫೋನಿಗೂ ಹೋಗುತ್ತದೆ. ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯಾಗಿತ್ತು. ಹೆರಿಗೆಯಾದಾಗಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದವಳು ಅವತ್ತು ಮೊದಲ ಸಲ ನಿರಾಳವಾಗಿ ಸ್ನಾನ ಮಾಡಿದೆ.

ನನ್ನ ಹಾಗೆಯೇ ಕಿವಿ ಕೇಳದ ನೀವು ನಿಮ್ಮ ಇಬ್ಬರು ಮಕ್ಕಳನ್ನು ಹೇಗೆ ಸಾಕಿದಿರೋ ಹಾಗೆಯೇ ನನಗೂ ಹೇಳಿಕೊಟ್ಟು ಹೋಗಿದ್ದಿರಿ. ಒಂದು ಅಂಚು ಹೊಲಿದು ಮುಗಿದ ಕೂಡಲೇ ಯಂತ್ರ ನಿಲ್ಲಿಸು, ಪಾದ ನೆಲಕ್ಕೆ ಊರು, ತಲೆಯೆತ್ತಿ ಮಗುವನ್ನು ನೋಡು ಎಂದಿದ್ದಿರಿ. ನಮ್ಮ ಹಲಗೆ ನೆಲದಲ್ಲಿ ಬೆಕ್ಕು ಹಾದುಹೋದರೂ ಅಂಗಾಲಿಗೆ ತಿಳಿಯುತ್ತದೆ, ಹೊಲಿಗೆ ಯಂತ್ರ ಓಡುವಾಗ ಮಾತ್ರ ಏನೂ ತಿಳಿಯುವುದಿಲ್ಲ. ಅದಕ್ಕೇ ನಿಲ್ಲಿಸಬೇಕು ಎಂದು ನೀವು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆದರೆ ಪಟ್ಟಿ ಬಂದ ಮೇಲೆ ನಿಲ್ಲಿಸುವುದು ಕಡಿಮೆಯಾಯಿತು. ಆಮೇಲೆ ತಲೆಯೆತ್ತುವುದೂ ಕಡಿಮೆಯಾಯಿತು. ಕೈಯಲ್ಲೇ ಕಾವಲುಗಾರ ಕೂತಿರುವಾಗ ಕಣ್ಣಿಗೇನು ಕೆಲಸ ಅಂದುಕೊಂಡೆ ಅತ್ತೆ.

ಸೋಮವಾರ ಮಧ್ಯಾಹ್ನ ಹೋಟೆಲಿನವರ ಪರದೆಗಳನ್ನು ಹೊಲಿಯುತ್ತಿದ್ದೆ. ಗೋಡೆಯುದ್ದದ ಪರದೆ, ಒಂದೇ ಓಟದ ಹೊಲಿಗೆ. ಪಟ್ಟಿ ತೆಪ್ಪಗಿತ್ತು, ನಾನೂ ತೆಪ್ಪಗಿದ್ದೆ. ದಾರ ಮುಗಿದದ್ದಕ್ಕೆ ಎದ್ದೆ, ಇಲ್ಲದಿದ್ದರೆ ಏಳುತ್ತಲೇ ಇರಲಿಲ್ಲ. ಮಂಚದ ಕಂಬಿಯ ಮೇಲೆ ನಾನೇ ಹಾಕಿದ್ದ ದಪ್ಪ ಹೊದಿಕೆ ಜಾರಿ ಮಗುವಿನ ಮುಖದ ಮೇಲೆ ಬಿದ್ದಿತ್ತು. ಹೊರಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಅವೂ ಸೋತು ಸೋತು ಆಡುತ್ತಿದ್ದವು. ಹೊದಿಕೆ ಕಿತ್ತೆಸೆದು ಎತ್ತಿಕೊಂಡೆ. ತುಟಿಯ ಬಣ್ಣ ಹೇಗಿತ್ತೆಂದು ಬರೆಯಲಾರೆ. ಬೆನ್ನಿನ ಮೇಲೆ ಅಂಗೈ ಇಟ್ಟು, ಒಳಗೆ ಉಸಿರು ಓಡಾಡುವುದು ತಿಳಿದ ಮೇಲೆ ಅಲ್ಲೇ ನೆಲದ ಮೇಲೆ ಕೂತೆ. ಫೋನು ನೋಡಿದರೆ ಹಸಿರು ಗೆರೆ. ‘ಮಗು ನೆಮ್ಮದಿಯಾಗಿ ಮಲಗಿದೆ’ ಎಂದು ಬರೆದಿತ್ತು. ಡಾಕ್ಟರಮ್ಮನ ಹತ್ತಿರ ಓಡಿದೆ, ಎದೆ ನೋಡಿ ಏನೂ ತೊಂದರೆ ಇಲ್ಲ ಎಂದರು.

ಪೆಟ್ಟಿಗೆ ಕೆಟ್ಟಿದೆ ಅಂದುಕೊಂಡೆ. ಅದರ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಕೂಗಿದೆ, ಪಟ್ಟಿ ತಟ್ಟನೆ ನಡುಗಿತು. ಕೆಟ್ಟಿಲ್ಲ. ಹಾಗಾದರೆ ಏನಾಯಿತು ಎಂದು ಮಂಗಳವಾರ ಒಂದು ಹೊಲಿಗೆಯನ್ನೂ ಹಾಕದೆ ಮಗುವಿನ ಮುಂದೆಯೇ ಕೂತೆ. ಅತ್ತೆ, ಈ ಮಗು ಅಳುವುದೇ ಇಲ್ಲ. ಎಚ್ಚರವಾದರೆ ಕಣ್ಣು ಬಿಟ್ಟು ಅತ್ತಿತ್ತ ನೋಡುತ್ತಾಳೆ. ನಾನು ಕಾಣದಿದ್ದರೆ ಎರಡೂ ಕಾಲೆತ್ತಿ ಹಿಮ್ಮಡಿಯನ್ನು ಮಂಚದ ಹಲಗೆಗೆ ಬಡಿಯುತ್ತಾಳೆ. ಆಮೇಲೆ ನಿಲ್ಲಿಸಿ ಕಾಯುತ್ತಾಳೆ. ಬರಲಿಲ್ಲವೋ, ಇನ್ನೂ ಜೋರಾಗಿ ಬಡಿಯುತ್ತಾಳೆ. ಎದೆ ಮುಟ್ಟಿ ನೋಡಿದೆ, ಅಳುವ ಮಗುವಿನ ಎದೆ ಅದುರುವ ಹಾಗೆ ಅದುರುತ್ತಿರಲಿಲ್ಲ. ಅತ್ತರೆ ಅಮ್ಮ ಬರುವುದಿಲ್ಲ, ನೆಲ ನಡುಗಿದರೆ ಬರುತ್ತಾಳೆ ಎಂದು ಐದು ತಿಂಗಳ ಕೂಸು ಕಂಡುಕೊಂಡಿದೆ. ಹೊದಿಕೆಯೊಳಗಿನಿಂದಲೂ ಅವಳು ನನ್ನನ್ನು ಹಾಗೆಯೇ ಕರೆದಿದ್ದಾಳೆ. ನಾನು ಯಂತ್ರ ಓಡಿಸುತ್ತಲೇ ಇದ್ದೆ. ಪೆಟ್ಟಿಗೆಗೆ ಅಳು ಮಾತ್ರ ಗೊತ್ತು, ಅಳದ ಮಗುವೆಲ್ಲ ಅದರ ಲೆಕ್ಕದಲ್ಲಿ ಮಲಗಿದ ಮಗು.

ಇದನ್ನು ನಿಮ್ಮ ಮಗನಿಗೆ ಹೇಳಿಲ್ಲ. ಹೇಳಲು ಬಾಯಲ್ಲ, ಕೈಯೇ ಏಳುತ್ತಿಲ್ಲ. ಡಾಕ್ಟರಮ್ಮನ ಹತ್ತಿರ ಹೋದದ್ದನ್ನೂ ಮುಚ್ಚಿಟ್ಟಿದ್ದೇನೆ. ಯಾಕೆಂದರೆ ಪೆಟ್ಟಿಗೆ ತಂದ ದಿನವೇ ಅತ್ತಿಗೆ ಬರೆದಿದ್ದರು: ‘ಇದೂ ಸಾಲದಿದ್ದರೆ ಮಗುವಿಗೆ ಮಾತು ಬರುವ ತನಕ ನನ್ನ ಹತ್ತಿರ ಇರಲಿ.’ ನಿಮ್ಮ ಮಗಳು ಕೆಟ್ಟವರಲ್ಲ, ನನಗೆ ಗೊತ್ತು. ಮಗುವಿನ ಮೇಲಿನ ಪ್ರಾಣದಿಂದಲೇ ಬರೆದರು. ಆದರೆ ಭಾನುವಾರ ಬರುತ್ತಾರೆ. ಪೆಟ್ಟಿಗೆ ಬೇಡ ಎಂದರೆ ಯಾಕೆ ಬೇಡ ಎಂದು ಕೇಳುತ್ತಾರೆ. ನಡೆದದ್ದು ಹೇಳಿದರೆ ಮಗುವಿನ ಬಟ್ಟೆಬರೆ ಕಟ್ಟುತ್ತಾರೆ. ಹೇಳದಿದ್ದರೆ ಈ ಹಸಿರು ಗೆರೆಯನ್ನು ನಂಬಿಕೊಂಡು ಎಲ್ಲರೂ ನೆಮ್ಮದಿಯಾಗಿರುತ್ತಾರೆ, ನನ್ನನ್ನು ಬಿಟ್ಟು. ಬಾಗಿಲಿನ ದೀಪ ಇರಲಿ, ಒಲೆಯ ದೀಪವೂ ಇರಲಿ, ಅವುಗಳಿಂದ ಉಪಕಾರವಾಗಿದೆ. ಈ ಪೆಟ್ಟಿಗೆ ನಮ್ಮ ಮನೆಗೆ ಬೇಕೇ ಎಂಬುದೇ ನನಗೆ ತೋಚುತ್ತಿಲ್ಲ. ಪಟ್ಟಿ ಕಟ್ಟಿಕೊಂಡರೆ ಮತ್ತೆ ನೋಡುವುದನ್ನು ಮರೆತೇನು ಎಂಬ ಹೆದರಿಕೆ. ಬಿಚ್ಚಿಟ್ಟರೆ, ಎಂದಾದರೂ ಒಂದು ದಿನ ಎಲ್ಲ ಮಕ್ಕಳ ಹಾಗೆ ಬಾಯಿಬಿಟ್ಟು ಅತ್ತರೆ ಏನು ಮಾಡಲಿ ಎಂಬ ಹೆದರಿಕೆ. ಮಗು ಮಲಗಿದಾಗಲೂ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿರುತ್ತೇನೆ. ನಿಮಗೂ ಹೀಗೆ ಹೆದರಿಕೆಯಾಗುತ್ತಿತ್ತೇ? ನೀವು ಯಾವತ್ತೂ ಹೇಳಲಿಲ್ಲ.

ಚಿಕ್ಕತ್ತೆಗೆ ನನ್ನ ನಮಸ್ಕಾರ ತಿಳಿಸಿ. ಮೊಮ್ಮಗಳು ಈಗ ಬೆರಳು ಕೊಟ್ಟರೆ ಬಿಡುವುದಿಲ್ಲ, ನಿಮ್ಮ ಬೆರಳಿಗೂ ಕಾದಿದ್ದಾಳೆ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ಇಂತಿ,
ನಿಮ್ಮ ಸೊಸೆ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ನಿಮ್ಮ ಮಗ ಬಂದರು. ಬೂಟು ಕೂಡ ಬಿಚ್ಚದೆ ನಡುಮನೆಯಲ್ಲಿ ನಿಂತು ಫೋನು ತೋರಿಸಿ, ‘ನೋಡು, ಮಧ್ಯಾಹ್ನದಿಂದ ಒಂದೇ ನಿದ್ದೆ, ಬಂಗಾರದಂಥ ಮಗು’ ಎಂದು ಸನ್ನೆ ಮಾಡಿದರು. ಮರುಕ್ಷಣವೇ ಹುಬ್ಬು ಗಂಟಿಕ್ಕಿ ಚಾವಣಿಯ ಕಡೆ ಬೆರಳು ತೋರಿಸಿದರು: ‘ಮೇಲಿನ ಮನೆಯವರದು ಮತ್ತೆ ಶುರುವಾಯ್ತು. ದಿನಾ ಅದೇನು ಕುಟ್ತಾರೋ!’ ನನ್ನ ಅಂಗಾಲಿಗೆ ಅದು ಆಗಲೇ ಬಂದಿತ್ತು ಅತ್ತೆ. ಅದು ಮೇಲಿನ ಮನೆಯವರದಲ್ಲ. ತೋಳು ಹಿಡಿದು ಕೋಣೆಗೆ ಎಳೆದುಕೊಂಡು ಬಂದು ತೋರಿಸಿದೆ, ಸೋಮವಾರದ್ದನ್ನೂ ಪೂರ್ತಿ ಹೇಳಿಬಿಟ್ಟೆ. ಈಗ ಮಗುವಿನ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಾರೆ. ಮಂಚದ ಹಲಗೆಗೆ ಅಂಗೈ ಒತ್ತಿ ಅವಳ ಬಡಿತ ನೋಡುತ್ತಿದ್ದಾರೆ. ಏನು ಹೇಳುತ್ತಾರೋ ಗೊತ್ತಿಲ್ಲ. ಭಾನುವಾರಕ್ಕೆ ಮುಂಚೆ ಬನ್ನಿ.