ಜಗಳದ ಊಟ

ಹಾಲಿವುಡ್, ೧೪ ಅಕ್ಟೋಬರ್ ೧೯೩೮, ಶುಕ್ರವಾರ

ಕೊನೆಗೂ ಇವತ್ತು ನನಗೂ ವೆಂಡೆಲ್‌ಗೂ ಜಗಳವಾಯಿತು. ಸ್ಟುಡಿಯೋದ ಪ್ರಚಾರದವರೇ ದಿನ ಗೊತ್ತುಮಾಡಿದ್ದರು. ನಾವಿಬ್ಬರೂ ಹಾಡಿ ಕುಣಿದ ಚಿತ್ರ ಊರೂರಲ್ಲಿ ಓಡಿ ಮುಗಿಯಿತಲ್ಲ, ಇನ್ನು ನಮ್ಮ ಪ್ರೇಮವೂ ಮುಗಿಯಬೇಕಂತೆ.

ಪತ್ರಿಕೆಗಳಿಗಾಗಿ ನಾವು ಪ್ರೇಮಿಗಳ ಹಾಗೆ ಕೂರುತ್ತಿದ್ದ ಅದೇ ಹೋಟೆಲು, ಅದೇ ಮೂಲೆಯ ಮೇಜು. ಫೋಟೋಗ್ರಾಫರ್ ಗಸ್ ಗದರಿದ: "ಮುಖ ಊದಿಸ್ಕೊಳ್ಳಮ್ಮ ನೆಟ್ಟಿ! ಏಯ್ ವೆಂಡೆಲ್, ನಗಬೇಡಯ್ಯಾ, ಫ್ಲ್ಯಾಶ್ ಬಲ್ಬೆಲ್ಲಾ ದಂಡ!"

ಹೇಗೋ ಒಂದು ಫೋಟೋ ಸಿಕ್ಕಿತು, ಗಸ್ ಹೊರಟ. ಇಂಥ ಊಟಗಳಲ್ಲಿ ನಾವು ತಿನ್ನುವ ಹಾಗೇ ಇಲ್ಲ. ಅಗಿಯುವ ಬಾಯಿ ಫೋಟೋದಲ್ಲಿ ಚೆನ್ನಾಗಿ ಕಾಣದು. ಕೆಲಸ ಮುಗಿದ ಕೂಡಲೇ ವೆಂಡೆಲ್‌ನ ಕಾರು ಅವನಿಗೆ, ನನ್ನ ಕಾರು ನನಗೆ. ಇವತ್ತು ವೆಂಡೆಲ್ ಏಳಲೇ ಇಲ್ಲ.

"ಜಗಳ ಆಡಿ ಹೊಟ್ಟೆ ಹಸೀತಿದೆ ಕಣೇ" ಎಂದವನೇ ಆರಿಹೋದ ಕೋಳಿಯ ತೊಡೆಯನ್ನು ಕೈಯಲ್ಲೇ ಎತ್ತಿಕೊಂಡ. ಇನ್ನೊಂದನ್ನು ನನ್ನ ತಟ್ಟೆಗೆ ಹಾಕಿದ. ತುಟಿಯ ಬಣ್ಣ ಹೋದರೆ ಹೋಗಲಿ ಎಂದು ನಾನೂ ಕಚ್ಚಿದೆ. ಗಲ್ಲಕ್ಕೆಲ್ಲ ಬೆಣ್ಣೆ ಮೆತ್ತಿಕೊಂಡು ಕೂತಿದ್ದ ಅವನಷ್ಟು ಮುದ್ದಾದವನನ್ನು ನಾನು ಯಾವ ಪೋಸ್ಟರಿನಲ್ಲೂ ನೋಡಿಲ್ಲ.

ಅಷ್ಟರಲ್ಲಿ ಗಸ್ ಮರೆತ ಟೋಪಿಗೆಂದು ವಾಪಸು ಬಂದ. ಅಭ್ಯಾಸಬಲ, ನಾನು ತಟ್ಟೆ ತಳ್ಳಿ ಮುಖ ಊದಿಸಿಕೊಂಡೆ.

ಅವನು ಕ್ಯಾಮೆರಾ ಎತ್ತಲೇ ಇಲ್ಲ. "ನನ್ನ ಕೆಲಸ ಮುಗೀತಮ್ಮ, ನೀವು ತಿನ್ನಿ" ಎಂದು ಟೋಪಿ ಹಾಕಿಕೊಂಡು ಹೊರಟುಹೋದ.

ನಾಳೆ ಪತ್ರಿಕೆ ನೋಡಿ ಒಹಾಯೋದಲ್ಲಿ ಅಮ್ಮ ಅಳುತ್ತಾಳೆ. ಬೆಳಿಗ್ಗೆಯೇ ಫೋನ್ ಮಾಡಬೇಕು. ಅಮ್ಮಾ, ನಾವು ಬೇರೆಯಾದೆವು ಅಂತ ಓದಿ ಗಾಬರಿಯಾಗಬೇಡ, ನಿಜ ಹೇಳಬೇಕೆಂದರೆ ನಾವು ಇವತ್ತೇ ಮೊದಲ ಸಲ ಒಟ್ಟಿಗೆ ಕೂತು ಊಟ ಮಾಡಿದೆವು.