ಮಷೀನು ಕಳಿಸುವುದಿಲ್ಲ, ಅತ್ತೆ

ಅತ್ತೆಯವರಿಗೆ ದೊಡ್ಡ ಸೊಸೆಯ ನಮಸ್ಕಾರ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕ್ಷೇಮ ಸಮಾಚಾರವನ್ನು ಇಷ್ಟಕ್ಕೇ ಮುಗಿಸಿ ನೇರ ವಿಷಯಕ್ಕೆ ಬರುತ್ತೇನೆ, ನೀವೂ ಹಾಗೆ ಬರುವವರೇ ತಾನೆ. ಭಾನುವಾರ ಫೋನು ಮಾಡಿ, ನೀವು ಇಲ್ಲಿ ಬಿಟ್ಟುಹೋದ ಹೊಲಿಗೆ ಮಷೀನನ್ನು ಮುಂದಿನ ಶನಿವಾರ ಮೈದುನನ ಗಾಡಿಗೆ ಹಾಕಿ ಕಳಿಸಿಬಿಡು ಎಂದಿರಿ. "ನಿನಗೆಲ್ಲಿದೆಯಮ್ಮ ಪುರುಸೊತ್ತು? ಅಲ್ಲಿ ಧೂಳು ಹಿಡಿಯೋ ಬದಲು ಚಿಕ್ಕ ಸೊಸೆಯಾದ್ರೂ ಕಲೀಲಿ" ಎಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಇಟ್ಟಿರಿ. ನಿಮ್ಮ ಫೋನಿನಲ್ಲಿ ಮಾತಾಡಲು ಸಂದು ಸಿಕ್ಕಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ, ನಿಮ್ಮ ಮಗನೂ ಸೇರಿ. ಅದಕ್ಕೇ ಈ ಪತ್ರ. ಇದರ ಮಧ್ಯೆ ಬಾಯಿ ಹಾಕುವುದಕ್ಕೆ ನಿಮಗೂ ಆಗುವುದಿಲ್ಲ.

ಮಷೀನು ಕಳಿಸುವುದಿಲ್ಲ, ಅತ್ತೆ. ಸಿಟ್ಟು ಮಾಡಿಕೊಳ್ಳುವ ಮೊದಲು ಪೂರ್ತಿ ಓದಿ. ಜೊತೆಗಿರುವ ಪೊಟ್ಟಣವನ್ನು ಈಗಲೇ ಬಿಚ್ಚಬೇಡಿ, ಅದರ ಸರದಿ ಕೊನೆಗೆ.

ಮೊದಲು ಪುರುಸೊತ್ತಿನ ಮಾತು. ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನಿಂದ ಜನರ ತೋಳು ಹಿಡಿದು ರಕ್ತ ತೆಗೆಯುವುದು ನನ್ನ ಕೆಲಸ. "ಅಲ್ಲೂ ಸೂಜಿ, ಇಲ್ಲೂ ಸೂಜಿ, ನಿನಗೆ ಬೇಜಾರೇ ಆಗಲ್ವಾ?" ಎಂದು ನಿಮ್ಮ ಮಗ ಕೇಳುತ್ತಾರೆ. ಆಗುವುದಿಲ್ಲ. ಅಲ್ಲಿ ಚುಚ್ಚಿಸಿಕೊಂಡವರು ಮುಖ ಸಿಂಡರಿಸುತ್ತಾರೆ, ಇಲ್ಲಿ ಬಟ್ಟೆ ಸುಮ್ಮನಿರುತ್ತದೆ. ನಿಮ್ಮ ಹಾಗೆ ಊಟ ಮುಗಿಸಿ ಇಡೀ ಮಧ್ಯಾಹ್ನ ಕೂತು ಹೊಲಿಯುವ ಭಾಗ್ಯ ನನಗಿಲ್ಲ, ಒಪ್ಪಿದೆ. ನನ್ನದು ಚೂರುಪಾರು ಪುರುಸೊತ್ತು. ಭಾನುವಾರ ಊಟದ ಮೇಜು ಒರೆಸಿ, ಬಟ್ಟೆ ಹಾಸಿ, ಆ ವಾರದ್ದನ್ನೆಲ್ಲ ಕತ್ತರಿಸಿಬಿಡುತ್ತೇನೆ. ತೋಳುಗಳನ್ನು ಒಂದು ಚಿಂದಿಯಲ್ಲಿ, ಕಾಲರನ್ನು ಇನ್ನೊಂದರಲ್ಲಿ ಗಂಟು ಕಟ್ಟಿ ಬುಟ್ಟಿಗೆ ಹಾಕಿದರೆ ಆಯಿತು. ಒಂದು ಸಲ ಕೂತರೆ ಒಂದು ಗಂಟು. ಕುಕ್ಕರ್ ಕೂಗುವಷ್ಟರಲ್ಲಿ ಒಂದು ಪಕ್ಕದ ಹೊಲಿಗೆ ಮುಗಿದಿರುತ್ತದೆ. ಮಗಳು ಪಾಠ ಒಪ್ಪಿಸುವಾಗ ತೋಳು ಕೂರಿಸುತ್ತೇನೆ. ಅವಳು ತಪ್ಪು ಹೇಳಿದರೆ ಮಷೀನು ನಿಲ್ಲುತ್ತದೆ, ಅದು ಅವಳಿಗೂ ಗೊತ್ತು. ಗುಂಡಿ, ಕಾಜ, ಅಂಚು ಇವೆಲ್ಲ ಬಸ್ಸಿನಲ್ಲಿ. ಪಕ್ಕದ ಸೀಟಿನವರು "ನಮಗೂ ಹೊಲಿದು ಕೊಡ್ತೀರಾ?" ಎಂದು ಕೇಳುತ್ತಲೇ ಇರುತ್ತಾರೆ, ನಾನು ನಗುತ್ತಲೇ ಇಲ್ಲವೆಂದು ತಲೆಯಾಡಿಸುತ್ತಿರುತ್ತೇನೆ.

ನಿಮ್ಮ ಮೊಮ್ಮಗಳಿಗೆ ನೀವೇ ವಕೀಲಮ್ಮ ಎಂದು ಹೆಸರಿಟ್ಟಿರಿ. ಆ ಹೆಸರಿಗೆ ಅವಳು ಇವತ್ತಿಗೂ ಕುಂದು ತಂದಿಲ್ಲ. ಅಂಗಡಿಯ ಫ್ರಾಕು ತಂದರೆ ಮೊದಲು ಕೈ ಹಾಕಿ ಜೇಬು ಹುಡುಕುತ್ತಾಳೆ. "ಹುಡುಗರಿಗೆ ನಾಕು ಜೇಬು, ನಮಗೆ ಒಂದೂ ಇಲ್ಲ, ಯಾಕೆ?" ಎಂದು ಅಂಗಡಿಯವನನ್ನೇ ಕೇಳಿ ಅವನ ಬಾಯಿ ಮುಚ್ಚಿಸಿದಳು. ಈಗ ಅವಳ ಪ್ರತಿ ಉಡುಪಿಗೂ ಮಣಿಕಟ್ಟಿನವರೆಗೆ ಕೈ ಇಳಿಯುವ ಜೇಬು ಇಡುತ್ತೇನೆ. ಅದರೊಳಗೆ ಏನೇನಿರುತ್ತದೆ ಎಂದು ಒಗೆಯುವ ದಿನ ನನಗೆ ತಿಳಿಯುತ್ತದೆ.

ಇನ್ನೊಂದು ಕಟ್ಟುನಿಟ್ಟು ಮಾಡಿಕೊಂಡಿದ್ದೇನೆ. ಮಕ್ಕಳಿಬ್ಬರಿಗೆ ಹೊಲಿದ ಮೇಲೆ ಮೂರನೆಯದು ನನಗೆ. ಉಳಿದ ಬಟ್ಟೆಯಲ್ಲಲ್ಲ, ನನಗೆಂದೇ ತಂದ ಬಟ್ಟೆಯಲ್ಲಿ. ಮೊಣಕೈವರೆಗಿನ ತೋಳು, ಬಗ್ಗಿದರೆ ಎಳೆಯದ ಬೆನ್ನು, ಪೆನ್ನಿಗೊಂದು ಜೇಬು, ಕೀಲಿಗೊಂದು ಜೇಬು. ಮೊನ್ನೆ ನಮ್ಮ ಡಾಕ್ಟರಮ್ಮ ನಿಲ್ಲಿಸಿ "ಯಾವ ಅಂಗಡೀದು ಇದು?" ಎಂದರು. ನಮ್ಮದೇ ಅಂಗಡಿ, ಹೊರಗಿನವರಿಗೆ ಮಾರುವುದಿಲ್ಲ ಎಂದೆ. ಆ ದಿನವೆಲ್ಲ ನಾನು ಸ್ವಲ್ಪ ನೆಟ್ಟಗೇ ನಡೆದೆ.

ಇಷ್ಟೇ ಆಗಿದ್ದರೆ, ಚಿಕ್ಕವಳಿಗೆ ಅವಶ್ಯವಿದೆ ಎಂದು ಮಷೀನು ಬಿಟ್ಟುಕೊಡುತ್ತಿದ್ದೆನೋ ಏನೋ. ಬಿಡದಿರುವುದು ನಮ್ಮ ಕಿರಿಕಿರಿರಾಯನಿಗಾಗಿ.

ನೀವು ಇಲ್ಲಿದ್ದಾಗ ಮೊಮ್ಮಗ ಬಟ್ಟೆ ಹಾಕಿಸಿಕೊಳ್ಳುವಾಗ ಮಾಡುತ್ತಿದ್ದ ರಂಪ ನಿಮಗೆ ನೆನಪಿರಬೇಕು. ಆ ಹೆಸರು ಬಂದದ್ದೇ ಅದರಿಂದ. ಈ ವರ್ಷ ಶಾಲೆ ಶುರುವಾದ ಮೇಲೆ ಅದು ಮಿತಿಮೀರಿತು. ಸಮವಸ್ತ್ರ ತೊಡಿಸಿದ ಕೂಡಲೇ ಕತ್ತು ಎಳೆಯುತ್ತಿದ್ದ, ಕಂಕುಳು ಕೆರೆಯುತ್ತಿದ್ದ, ನೆಲಕ್ಕೆ ಬಿದ್ದು ಹೊರಳುತ್ತಿದ್ದ. ಶಾಲೆಯ ವ್ಯಾನು ಬಂದು, ಹಾರನ್ ಹೊಡೆದು ಹೊಡೆದು ಹೋಗಿಬಿಡುತ್ತಿತ್ತು. ಕತ್ತಿನ ಹಿಂದಿನ ಕಂಪನಿ ಚೀಟಿ ಕತ್ತರಿಸಿದೆ, ಬಿಸಿನೀರಲ್ಲಿ ನೆನೆಸಿದೆ, ಹತ್ತಿಯದೇ ಬಟ್ಟೆ ತಂದು ನಾನೇ ಹೊಲಿದೆ. ಆದರೂ ಅದೇ ಅಳು. "ಹೀಗೇ ಆದ್ರೆ ಈ ವರ್ಷ ಮನೇಲೇ ಇಟ್ಕೊಳ್ಳಿ, ಮುಂದಿನ ವರ್ಷ ನೋಡೋಣ" ಎಂದು ಟೀಚರ್ ಹೇಳಿ ಕಳಿಸಿದರು. ಅವನು ಮನೆಯಲ್ಲಿದ್ದರೆ ನಾನೂ ಮನೆಯಲ್ಲೇ. ನಿಮ್ಮ ಮಗನಿಗೂ ನನಗೂ ಅದೇ ಯೋಚನೆ.

ಆಮೇಲೆ ನನ್ನ ಕೈಯಿಂದ ಒಂದು ತಪ್ಪಾಯಿತು. ಒಂದು ಕಡೆ ಕುಕ್ಕರು, ಇನ್ನೊಂದು ಕಡೆ ವಕೀಲಮ್ಮನ ಪಾಠ. ಬಟ್ಟೆಯ ಒಳಮೈ ಹೊರಮೈ ನೋಡದೆ ಅವನ ಹೊಸ ಶರ್ಟಿನ ಎರಡೂ ಪಕ್ಕ, ತೋಳು, ಹೆಗಲು ಎಲ್ಲ ಜೋಡಿಸಿಬಿಟ್ಟೆ. ಬೆಳಿಗ್ಗೆ ತೊಡಿಸಿದಾಗ ನೋಡುತ್ತೇನೆ, ಹೊಲಿಗೆಯೆಲ್ಲ ಹೊರಗೆ. ಬಿಚ್ಚಲು ಹೊತ್ತಿಲ್ಲ, ವ್ಯಾನು ಬಂತು. ಆಗಲಿ, ಹೇಗಿದ್ದರೂ ಕಿತ್ತೆಸೆಯುತ್ತಾನೆ ಎಂದು ತಲೆಗೂದಲು ಸವರಿದೆ. ಅವನು ಬ್ಯಾಗು ಹಾಕಿಕೊಂಡು ವ್ಯಾನು ಹತ್ತಿ ಹೋದ. ನಾನು ಬಾಗಿಲಲ್ಲಿ ಬೆಪ್ಪಾಗಿ ನಿಂತುಬಿಟ್ಟೆ.

ಸಂಜೆ ಬಂದವನು ಶರ್ಟು ಬಿಚ್ಚಲಿಲ್ಲ. "ಇದು ಚುಚ್ಚಲ್ಲ ಅಮ್ಮ" ಎಂದ. ಅಷ್ಟು ದಿನ ಅವನು ಅತ್ತು ಅತ್ತು ಹೇಳುತ್ತಿದ್ದುದು ಚುಚ್ಚುತ್ತದೆ ಎಂಬ ಅದೊಂದೇ ಮಾತು, ಅತ್ತೆ. ನಮಗೆ ಕೈಗೂ ತಾಗದ ಒಳಗಿನ ಅಂಚು ಅವನ ಮೈಗೆ ಮುಳ್ಳು.

ಮರುದಿನವೇ ಶಾಲೆಯಿಂದ ಕರೆ. "ಶರ್ಟು ಉಲ್ಟಾ ಹಾಕಿ ಕಳಿಸಿದ್ದೀರಿ" ಎಂದರು ಟೀಚರ್. ನಾನು ರಜೆ ಹಾಕಿ ಹೋದೆ. ರಾತ್ರಿ ಕೂತು ಹೊರಗಿನ ಅಂಚಿಗೆಲ್ಲ ತೆಳ್ಳನೆಯ ನೀಲಿ ಪಟ್ಟಿ ಕೂರಿಸಿದ್ದ ಇನ್ನೊಂದು ಶರ್ಟನ್ನು ಅವರ ಮೇಜಿನ ಮೇಲೆ ಹರವಿ, "ಇದು ಉಲ್ಟಾ ಅಲ್ಲ ಟೀಚರ್, ನನ್ನ ಮಗನಿಗೆ ಇದೇ ಸೀದಾ" ಎಂದೆ. ಅವರು ಪಟ್ಟಿಯ ಮೇಲೆ ಬೆರಳಾಡಿಸಿ ನೋಡಿ, "ಚೆನ್ನಾಗೇ ಇದೆ, ಹಾಕಿ ಕಳಿಸಿ" ಎಂದರು. ಅಂದಿನಿಂದ ಅವನು ವ್ಯಾನು ತಪ್ಪಿಸಿಲ್ಲ. ಇಂಥ ಶರ್ಟು, ಚಡ್ಡಿ, ಬನಿಯನ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಮಗು ಬೇರೆ ಬೆಳೆಯುತ್ತಿದೆ. ಈಗ ಹೇಳಿ, ಮಷೀನು ಕಳಿಸಲಾ?

ಚಿಕ್ಕವಳು ಬೇಜಾರು ಮಾಡಿಕೊಳ್ಳುವುದು ಬೇಡ. ಮೈದುನ ಶನಿವಾರ ಗಾಡಿ ತರಲಿ, ಅವಳನ್ನೂ ಕರೆತರಲಿ. ಕೆಲವು ದಿನ ಇಲ್ಲಿರಲಿ, ಕತ್ತರಿಸುವುದರಿಂದ ಹಿಡಿದು ಎಲ್ಲ ಕಲಿಸುತ್ತೇನೆ. ಆಮೇಲೆ ಅವಳಿಗೆ ಹೊಂದುವ ಮಷೀನನ್ನು ನಾವಿಬ್ಬರೇ ಹೋಗಿ ಆರಿಸುತ್ತೇವೆ.

ಇನ್ನು ಪೊಟ್ಟಣದ ವಿಷಯ. ಹೊರಹೊಲಿಗೆಯ ಶರ್ಟನ್ನು ವಕೀಲಮ್ಮ ತಿರುಗಿಸಿ ತಿರುಗಿಸಿ ನೋಡಿ, "ಅಮ್ಮಾ, ಅಜ್ಜೀನೂ ಹೀಗೇ ಹಾಕ್ಕೋತಿದ್ರಲ್ವಾ?" ಎಂದಳು. ನನ್ನ ಕೈ ಮಷೀನಿನ ಮೇಲೇ ನಿಂತಿತು. ಹೌದು, ನೀವು ಮನೆಯಲ್ಲಿ ನೈಟಿಯನ್ನು ಯಾವಾಗಲೂ ತಿರುವಿ ಹಾಕಿಕೊಳ್ಳುತ್ತಿದ್ದಿರಿ. ವಯಸ್ಸಾಯಿತು, ಗಮನವಿಲ್ಲ ಎಂದುಕೊಂಡು ನಾನು ಒಗೆದಾಗಲೆಲ್ಲ ಸರಿಮಾಡಿ ಮಡಿಸಿಡುತ್ತಿದ್ದೆ. ನೀವು ಮಾತಾಡದೆ ಮತ್ತೆ ತಿರುವಿ ಹಾಕಿಕೊಳ್ಳುತ್ತಿದ್ದಿರಿ. ಎಲ್ಲದಕ್ಕೂ ಬಾಯಿ ಮಾಡುವ ನೀವು ಇದೊಂದಕ್ಕೆ ಮಾತ್ರ ಬಾಯಿ ಬಿಡಲಿಲ್ಲ.

ನೀವು ಬಿಟ್ಟುಹೋದ ಹಳೆಯ ನೈಟಿಯೇ ಈಗ ಮಷೀನಿನ ಹೊದಿಕೆ. ಅದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಕತ್ತಿನ ಚೀಟಿಯನ್ನು ಬುಡಸಮೇತ ಕತ್ತರಿಸಿದ್ದೀರಿ. ಕತ್ತರಿ ಬಟ್ಟೆಗೂ ತಗುಲಿ ತೂತಾಗಿದೆ, ಆ ತೂತಿಗೆ ನಿಮ್ಮದೇ ಸಣ್ಣ ಸಣ್ಣ ಕೈಹೊಲಿಗೆ. ನನಗೆ ಅಳು ಬಂತು, ಅತ್ತೆ. ನಿಮ್ಮ ಚಿಕ್ಕಂದಿನಲ್ಲಿ ನಿಮ್ಮನ್ನೂ ಯಾರೋ ಹಠಮಾರಿ ಎಂದಿರಬೇಕು, ಬೆನ್ನಿಗೆ ಎರಡು ಬಿಟ್ಟಿರಬೇಕು. ಕಿರಿಕಿರಿರಾಯ ಅತ್ತಾಗ "ಎರಡು ಬಿಟ್ರೆ ಸರಿಹೋಗ್ತಾನೆ" ಎಂದು ನೀವು ಹೇಳುತ್ತಿದ್ದಿರಿ. ಆದರೆ ಒಂದು ದಿನವೂ ಕೈಯೆತ್ತಲಿಲ್ಲ, ಸುಮ್ಮನೆ ಅವನ ಬೆನ್ನು ನೀವುತ್ತಿದ್ದಿರಿ. ಈ ಮಷೀನಿನ ಮೇಲೆ ಮಕ್ಕಳಿಗೆ, ನಾದಿನಿಯರಿಗೆ, ಬೀದಿಯವರಿಗೆಲ್ಲ ಹೊಲಿದು ಕೊಟ್ಟು, ನಿಮಗೆ ಮಾತ್ರ ಅಂಗಡಿಯ ನೈಟಿ ತರಿಸಿಕೊಂಡಿರಿ. "ನನಗೇನು, ಯಾವ್ದಾದ್ರೂ ಆಗುತ್ತೆ" ಎನ್ನುತ್ತಿದ್ದಿರಿ. ಆಗುತ್ತಿರಲಿಲ್ಲ.

ಈಗ ಪೊಟ್ಟಣ ಬಿಚ್ಚಿ. ಅಳತೆ ನಿಮ್ಮ ಹಳೆಯ ನೈಟಿಯದು, ಪಟ್ಟಿ ಮೊಮ್ಮಗನ ಶರ್ಟಿನದು, ಎರಡು ಜೇಬು ವಕೀಲಮ್ಮನ ಅಪ್ಪಣೆಯವು. ಈ ಸಲದ ಮೂರನೆಯದು ನನಗಲ್ಲ, ನಿಮಗೆ. ಉಲ್ಟಾ ಹಾಕಿದ್ದೀರಿ ಎಂದು ಯಾರಾದರೂ ಅಂದರೆ ಏನು ಹೇಳಬೇಕು ಎಂದು ನಿಮಗೀಗ ಗೊತ್ತಿದೆ.

ಇನ್ನು ಮುಂದೆ ಯಾವ ಹೊಲಿಗೆಯೂ ನಿಮ್ಮನ್ನು ಚುಚ್ಚದಿರಲಿ. ಮೊಮ್ಮಕ್ಕಳ ತಲೆಯ ಮೇಲೆ ನಿಮ್ಮ ಕೈ ಇರಲಿ.

ಇಂತಿ,
ಮಷೀನು ಕೊಡದ ನಿಮ್ಮ ದೊಡ್ಡ ಸೊಸೆ