ಮೂವರು ಅಮ್ಮಂದಿರಿಗೆ ಒಂದೇ ಸಾಲು

ಹಳೆಯ ಕಡತಗಳನ್ನು ಕಾಯುವ ಅಧಿಕಾರಿಗಳೇ,

ಅರ್ಜಿಯಲ್ಲಿ ತಪ್ಪು ಮಾಡಿದವಳು ನಾನೇ ಎಂಬುದನ್ನು ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಬಿಟ್ಟಿದ್ದರೆ ಈ ಪತ್ರದ ಸಿಟ್ಟಿಗೆ ಇನ್ನಷ್ಟು ಕಳೆ ಬರುತ್ತಿತ್ತು. ಆದರೆ ನನ್ನ ತಾಯಿಗೆ ಬಂದ ಹನ್ನೊಂದು ಪತ್ರಗಳನ್ನು ನೀವು ಕೊಡದಿರುವುದು ನನ್ನ ತಪ್ಪಲ್ಲ.

ನನ್ನ ತಾಯಿ ನೋಲಾಳನ್ನು ಐದನೆಯ ವಯಸ್ಸಿನಲ್ಲಿ ಡಾರ್ಲಿಂಗ್ ನದಿಯ ದಂಡೆಯಿಂದ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸುತ್ತಿದ್ದ ನಿಮ್ಮ ಇಲಾಖೆಯ ಕಾರು ಎತ್ತಿಕೊಂಡು ಹೋಗಿ ದೂರದ ಅನಾಥಾಲಯಕ್ಕೆ ಸೇರಿಸಿತು. ನಮ್ಮಲ್ಲಿ ಹೆತ್ತವಳೂ ಅಮ್ಮ, ಅವಳ ತಂಗಿಯರೂ ಅಮ್ಮ. ಮೂವರು ಅಮ್ಮಂದಿರಿದ್ದ ಮಗುವನ್ನು ಅನಾಥೆ ಎನ್ನಲು ಎಂಥ ಕಲ್ಪನಾಶಕ್ತಿ ಬೇಕು! ಮೂವರಲ್ಲಿ ಅಕ್ಷರ ಬರುತ್ತಿದ್ದುದು ಕಿರಿಯವಳಾದ ಐವಿಗೆ ಮಾತ್ರ. ಮೂವರ ಪರವಾಗಿ ಅವಳೇ ಬರೆದು, ಪ್ರತಿ ಪತ್ರಕ್ಕೂ 'ನಿನ್ನ ಅಮ್ಮ' ಎಂದು ಸಹಿ ಹಾಕಿದಳು. ಒಂದೂ ನೋಲಾಳ ಕೈ ಸೇರಲಿಲ್ಲ. ಎಲ್ಲವೂ ಕಡತದಲ್ಲಿ ಜೋಪಾನವಾಗಿ ಉಳಿದವು. ಮಕ್ಕಳಿಗಿಂತ ಕಾಗದವನ್ನು ಚೆನ್ನಾಗಿ ನೋಡಿಕೊಳ್ಳುವ ನಿಮ್ಮ ಶಿಸ್ತಿಗೆ ನಮಸ್ಕಾರ.

ಹದಿನೇಳು ವರ್ಷಗಳ ನಂತರ ನೋಲಾ ಊರಿಗೆ ಮರಳಿದಾಗ ಐವಿ ಮೀನು ಸುಡುತ್ತಿದ್ದಳಂತೆ. "ಬಂದ್ಯಾ? ಒಂದು ಕಾಗದಕ್ಕೂ ಉತ್ರ ಬರೀಲಿಲ್ವಲ್ಲೇ, ಸೋಮಾರಿ! ಕೂತ್ಕೊ, ತಿನ್ನು."

"ಯಾವ ಕಾಗದ?" ಎಂದಳು ನೋಲಾ.

ಇಬ್ಬರೂ ಅತ್ತು ಮುಗಿಸುವಷ್ಟರಲ್ಲಿ ಮೀನು ಸೀದುಹೋಗಿತ್ತು. ಮನೆಯಲ್ಲಿ ಇಂದಿಗೂ ಇದು ನಗೆಯ ಕಥೆ.

ಕಳೆದ ವರ್ಷ ಆ ಪತ್ರಗಳನ್ನು ಕೇಳಿ ಅರ್ಜಿ ಹಾಕಿದೆವು. 'ತಾಯಿಯ ಹೆಸರು' ಎಂಬಲ್ಲಿ ನೋಲಾ ಮೂರು ಹೆಸರು ತುರುಕಿದ್ದಳು. ನಿಮ್ಮ ಇಂಗ್ಲಿಷ್ ಶಾಲೆಯಲ್ಲಿ ಅಚ್ಚುಕಟ್ಟುತನ ಕಲಿತ ನಾನು ಎರಡನ್ನು ಹೊಡೆದುಹಾಕಿ, ಹೆತ್ತವಳ ಹೆಸರನ್ನಷ್ಟೇ ಉಳಿಸಿದೆ. ನಿಮ್ಮ ಉತ್ತರ ಬಂತು: ಐವಿ ಅರ್ಜಿದಾರರ ತಾಯಿಯಲ್ಲ, ಅನ್ಯರ ಪತ್ರ ಕೊಡಲಾಗದು. ಐವಿಯೇ ಕೇಳಿದಾಗ, ಪತ್ರಗಳು ನೋಲಾಳಿಗೆ ಸೇರಿದವು ಎಂದಿರಿ. ಹಾಗಾದರೆ ಅವು ಯಾರವು? ನಿಮ್ಮ ಬೀರುವಿನವೇ? ನನ್ನನ್ನೂ ಕೇಳಿಕೊಳ್ಳುತ್ತೇನೆ: ಇಬ್ಬರು ಅಜ್ಜಿಯರ ಮೇಲೆ ಗೀಟೆಳೆಯುವಾಗ ನನ್ನ ಕೈ ಏಕೆ ತಡೆಯಲಿಲ್ಲ? ನಿಮ್ಮ ಇಲಾಖೆ ನಿಮ್ಮ ಕಟ್ಟಡದಲ್ಲಿ ಮಾತ್ರ ಇದೆಯೇ?

ಮೂವರಲ್ಲಿ ಉಳಿದಿರುವವಳು ಐವಿ ಒಬ್ಬಳೇ, ತೊಂಬತ್ತೊಂದು ವರ್ಷ. ನಾನು ತಪ್ಪೊಪ್ಪಿಕೊಂಡಾಗ ಹೊಟ್ಟೆ ಹಿಡಿದು ನಕ್ಕಳು. "ನನ್ನೇ ಹೊಡೆದುಹಾಕಿದ್ಯೇನೇ, ಕತ್ತೆ? ಇನ್ನೂ ಉಸಿರಾಡ್ತಿದ್ದೀನಿ ಕಣೇ! ಬೇಗ ತರ್ಸು. ಏನ್ ಬರ್ದಿದ್ದೆ ಅಂತ ನಂಗೇ ಮರ್ತೋಗಿದೆ."

"ಒಳ್ಳೇದಾಯ್ತು ಬಿಡು. ಇಬ್ರೂ ಹೊಸದಾಗಿ ಕೇಳ್ಬಹುದು" ಎಂದಳು ನೋಲಾ.

ತಿದ್ದಿದ ಅರ್ಜಿ ಇದರೊಂದಿಗಿದೆ. ಒಂದೇ ಸಾಲು, ಮೂರು ಹೆಸರು. ಅಕ್ಷರ ಚಿಕ್ಕದಾಗಿದ್ದರೆ ಕನ್ನಡಕ ಹಾಕಿಕೊಳ್ಳಿ. ಐವಿಯ ಕಿವಿ ಚುರುಕಾಗಿರುವಾಗಲೇ ಹನ್ನೊಂದನ್ನೂ ಕಳುಹಿಸಿ. ನಾನು ಗಟ್ಟಿಯಾಗಿ ಓದಬೇಕು.

ಇಂತಿ,
ಅಜ್ಜಿಯರನ್ನು ಅಳಿಸಿ, ಬೈಸಿಕೊಂಡು, ಮತ್ತೆ ಬರೆದ ಮೊಮ್ಮಗಳು

ನೋಲಾ ಹುಟ್ಟಿದ್ದು ಯಾವಾಗ ಎಂದು ಯಾರನ್ನೂ ಕೇಳದೆ ನಿಮ್ಮ ಇಲಾಖೆ ಅವಳಿಗೊಂದು ಹುಟ್ಟುಹಬ್ಬ ಬರೆದುಕೊಂಡಿತಲ್ಲ, ಆ ದಿನವೇ ಇದನ್ನು ಅಂಚೆಗೆ ಹಾಕುತ್ತೇನೆ: ಜುಲೈ ೧.